ಊಹೆಯ ಮೇಲೆ ನಿಂತ ಔದಾರ್ಯ

ಶಾಸನವೊಂದರ ಗುಣದೋಷಗಳನ್ನು ತಿಳಿಯಬೇಕೆನ್ನುವವನು ಅದರ ಪೀಠಿಕೆಯನ್ನು ಓದುವುದಕ್ಕಿಂತ, ಅದು ಸಾಮಾನ್ಯ ಪ್ರಜೆಯ ಕೈಗೆ ಕೊಡುವ ನಮೂನೆಯ ಕಾಗದವನ್ನು ಓದುವುದು ಲೇಸು. ಅಮೆರಿಕದಲ್ಲಿ 2010ರಲ್ಲಿ ಅಧ್ಯಕ್ಷ ಒಬಾಮರ ಅಂಕಿತವನ್ನು ಪಡೆದು, 2014ರಿಂದ ಆರೋಗ್ಯವಿಮೆಯ ಪ್ರೀಮಿಯಂಗೆ ಸರ್ಕಾರದ ನೆರವನ್ನು ಒದಗಿಸಿದ ಕಾಯಿದೆಯ ವಿಷಯದಲ್ಲಿ ಅಂತಹ ಕಾಗದವೆಂದರೆ ಆದಾಯ ತೆರಿಗೆಯ ರಿಟರ್ನಿನೊಡನೆ ಲಗತ್ತಿಸತಕ್ಕ ಫಾರಂ 8962. ಎರಡೇ ಪುಟಗಳ ಈ ಫಾರಮ್ಮಿನಲ್ಲಿ ಆ ಕಾಯಿದೆಯ ಕರುಣೆಯೂ ಇದೆ, ಕಾಠಿಣ್ಯವೂ ಇದೆ.

ಉದ್ಯೋಗದ ಮೂಲಕ ವಿಮೆ ದೊರೆಯದವನು ಈ ಕಾಯಿದೆಯನ್ವಯ ಏರ್ಪಟ್ಟ ಮಾರ್ಕೆಟ್‌ಪ್ಲೇಸ್ ಎಂಬ ವಿಮಾ ಪೇಟೆಯಲ್ಲಿ ಪಾಲಿಸಿಯನ್ನು ಕೊಳ್ಳುವಾಗ, ಬರಲಿರುವ ವರ್ಷದಲ್ಲಿ ತನ್ನ ಕುಟುಂಬದ ಆದಾಯವೆಷ್ಟಾದೀತೆಂದು ಅಂದಾಜು ಹೇಳಬೇಕು. ಆತನ ಪ್ರದೇಶದಲ್ಲಿ ದೊರೆಯುವ, ‘ಸಿಲ್ವರ್’ ಎಂಬ ಮಧ್ಯಮ ದರ್ಜೆಯ ಪ್ಲಾನುಗಳ ಪೈಕಿ ಬೆಲೆಯಲ್ಲಿ ಕೆಳಗಿನಿಂದ ಎರಡನೆಯದನ್ನು ಮಾನದಂಡವಾಗಿಟ್ಟುಕೊಂಡು, ಆತನ ಆದಾಯಕ್ಕೆ ತಕ್ಕ ಪಾಲನ್ನು ಅದರಿಂದ ಕಳೆದು, ಮಿಕ್ಕುದನ್ನು ಸರ್ಕಾರವು ತಿಂಗಳು ತಿಂಗಳೂ ವಿಮಾ ಕಂಪನಿಗೆ ಮುಂಗಡವಾಗಿ ಸಲ್ಲಿಸುತ್ತದೆ. ವರ್ಷ ತುಂಬಿದ ತರುವಾಯ ಮಾರ್ಕೆಟ್‌ಪ್ಲೇಸಿನಿಂದ 1095-ಎ ಎಂಬ ಪತ್ರ ಬರುತ್ತದೆ. ಅದರ ಅಂಕಿಗಳನ್ನು ವಾಸ್ತವ ಆದಾಯದೊಡನೆ ಹೋಲಿಸಿ, ಸಲ್ಲಬೇಕಾದುದಕ್ಕಿಂತ ಕಡಮೆ ಸಂದಿದ್ದರೆ ತೆರಿಗೆಯ ಬಾಕಿಯೇ ಇಲ್ಲದವನಿಗೂ ಹಣ ಹಿಂದಿರುಗುತ್ತದೆ, ಹೆಚ್ಚು ಸಂದಿದ್ದರೆ ಅದು ತೆರಿಗೆಯ ಮೇಲೆ ಏರುತ್ತದೆ. ಈ ಲೆಕ್ಕವನ್ನು ಒಪ್ಪಿಸದವನಿಗೆ ಮುಂದೆ ಮುಂಗಡವೇ ನಿಂತುಹೋಗಬಹುದು.

ಮುಂಗಡವೆಂಬುದು ಈ ಏರ್ಪಾಟಿನ ನಿಜವಾದ ಸದ್ಗುಣ. ಜನವರಿಯ ಪ್ರೀಮಿಯಂ ಕಟ್ಟಲಾರದವನಿಗೆ ಮರುವರ್ಷದ ಏಪ್ರಿಲ್‌ನಲ್ಲಿ ದೊರೆಯುವ ನೆರವು ನೆರವೇ ಅಲ್ಲವೆಂಬುದನ್ನು ಶಾಸನಕರ್ತರು ಬಲ್ಲವರಾಗಿದ್ದರು. ಆದರೆ ಆದಾಯವನ್ನು ಖಚಿತವಾಗಿ ಮುನ್ನುಡಿಯಬಲ್ಲವರು ಯಾರು? ನಿಯತ ಸಂಬಳದವರು, ಅವರಲ್ಲಿ ಬಹುಮಂದಿಗೆ ವಿಮೆಯನ್ನು ಕೆಲಸ ಕೊಟ್ಟ ಕಂಪನಿಯೇ ಕೊಡುತ್ತದೆ. ಮಾರ್ಕೆಟ್‌ಪ್ಲೇಸಿಗೆ ಬರುವವರಲ್ಲಿ ಬಾಡಿಗೆ ಕಾರು ಓಡಿಸುವವನು, ಸಣ್ಣ ಅಂಗಡಿಯವನು, ಒಂದು ಕೆಲಸ ಬಿಟ್ಟು ಇನ್ನೊಂದು ದೊರೆಯದವನು ಇರುತ್ತಾರೆ. ಭವಿಷ್ಯವನ್ನು ಹೇಳಲು ಅತ್ಯಂತ ಅಸಮರ್ಥರಾದವರಿಂದಲೇ ಭವಿಷ್ಯವನ್ನು ಹೇಳಿಸಿ, ಅದು ತಪ್ಪಿದಾಗ ಅವರಿಂದಲೇ ವಸೂಲು ಮಾಡುವ ಈ ಕ್ರಮವನ್ನು ನ್ಯಾಯವೆಂದು ಕರೆಯಲು ನನಗೆ ಮನಸ್ಸು ಬಾರದು.

ಹಿಂದೆ ಈ ವಸೂಲಿಗೆ ಒಂದು ಮಿತಿಯಿತ್ತು: 2025ರ ಲೆಕ್ಕದಲ್ಲಿ, ಬಡತನರೇಖೆಯ ಎರಡು ಪಟ್ಟಿಗಿಂತ ಕಡಮೆ ಆದಾಯವುಳ್ಳ ಒಂಟಿ ವ್ಯಕ್ತಿ ಮರಳಿಸಬೇಕಾದುದು ಹೆಚ್ಚೆಂದರೆ 375 ಡಾಲರು. ಮಹಾಮಾರಿಯ 2020ರ ಲೆಕ್ಕದಲ್ಲಂತೂ ಹೆಚ್ಚುವರಿ ಮುಂಗಡವನ್ನು ಮರಳಿ ಕೇಳಲೇ ಇಲ್ಲ. 2025ರ ಜುಲೈನಲ್ಲಿ ಅಂಕಿತಗೊಂಡ ಹೊಸ ಶಾಸನವು 2026ರ ತೆರಿಗೆ ವರ್ಷದಿಂದ ಈ ಮಿತಿಯನ್ನು ತೆಗೆದುಹಾಕಿದೆ. ಅದೇ ಸಮಯಕ್ಕೆ, 2021ರಿಂದ ನಡೆದುಬಂದಿದ್ದ ಅಧಿಕ ನೆರವಿನ ಅವಧಿಯೂ ಮುಗಿದು, ಬಡತನರೇಖೆಯ ನಾಲ್ಕು ಪಟ್ಟಿನ ಹಳೆಯ ಗಡಿ ಮರಳಿದೆ. 2026ರಲ್ಲಿ ಒಂಟಿ ವ್ಯಕ್ತಿಗೆ ಈ ಗಡಿ 62,600 ಡಾಲರು. ಅಲ್ಲಿಯವರೆಗೆ ಮಾನದಂಡದ ಪ್ಲಾನಿಗೆ ಆತ ತೆರಬೇಕಾದುದು ಆದಾಯದ ಶೇಕಡ 9.96ನ್ನು ಮೀರದು, ಗಡಿ ದಾಟಿದನೆಂದರೆ ಇಡೀ ವರ್ಷದ ಮುಂಗಡವನ್ನೂ ಮರಳಿಸಬೇಕು. ಡಿಸೆಂಬರಿನಲ್ಲಿ ಅನಿರೀಕ್ಷಿತವಾಗಿ ದೊರೆತ ಕೂಲಿಯೊಂದು ಇಂತಹ ಅನರ್ಥವನ್ನು ತಂದಿಡಬಲ್ಲದೆಂದರೆ, ಅದು ಮಾಪನದ ದೋಷವೇ ಹೊರತು ಮನುಷ್ಯನ ದೋಷವಲ್ಲ.

ಅಲ್ಲಿ ನೆಲಸಿದ ಕನ್ನಡಿಗರ ಮನೆಗಳಿಗೂ ಈ ಲೆಕ್ಕ ಪ್ರವೇಶಿಸಿದೆ. ಗ್ರೀನ್ ಕಾರ್ಡ್ ಪಡೆದು ಮಕ್ಕಳ ಬಳಿಗೆ ಹೋದ ವೃದ್ಧ ತಂದೆತಾಯಿಗಳು, ಸ್ವತಃ ಅಲ್ಲಿ ದುಡಿದವರಲ್ಲವಾದುದರಿಂದ, ಐದು ವರ್ಷ ನೆಲಸುವ ತನಕ ಸಾಮಾನ್ಯವಾಗಿ ವೃದ್ಧರಿಗೆಂದಿರುವ ಸರ್ಕಾರಿ ವಿಮೆಯಾದ ಮೆಡಿಕೇರ್‌ಗೆ ಸೇರಲಾರರು. ಮಾರ್ಕೆಟ್‌ಪ್ಲೇಸೇ ಅವರಿಗೆ ಆಸರೆ. ಬೆಂಗಳೂರಿನ ಮನೆಯ ಬಾಡಿಗೆಯೂ ಬ್ಯಾಂಕಿನ ಠೇವಣಿಯ ಬಡ್ಡಿಯೂ ಆ ದೇಶದ ತೆರಿಗೆಯ ಲೆಕ್ಕಕ್ಕೆ ಸೇರತಕ್ಕವೆಂಬುದನ್ನು ಮರೆತು ಅಂದಾಜು ಕೊಟ್ಟವರಿಗೆ ರಿಟರ್ನಿನ ದಿನ ಅದು ನೆನಪಾಗುತ್ತದೆ. ಮಗನು ಅವರನ್ನು ತನ್ನ ಅವಲಂಬಿತರೆಂದು ತೋರಿಸಿದನಾದರೆ ಆತನ ಸಂಬಳವೇ ಅಳತೆಗೋಲಾಗಿ, ಆ ನೆರವು ಬಹುಮಟ್ಟಿಗೆ ಕರಗಿಹೋಗುತ್ತದೆ.

ವರ್ಷದ ನಡುವೆ ಆದಾಯ ಬದಲಾದರೆ ಕೂಡಲೆ ತಿಳಿಸಿ ಎಂದು ಸರ್ಕಾರ ಹೇಳುತ್ತದೆ. ಮುಂಗಡವನ್ನು ಭಾಗಶಃ ಮಾತ್ರ ಸ್ವೀಕರಿಸಿ ಉಳಿದುದನ್ನು ರಿಟರ್ನಿನಲ್ಲಿ ಪಡೆಯಿರಿ ಎಂದು ಬಲ್ಲವರು ಹೇಳುತ್ತಾರೆ. ಸಲಹೆ ವಿವೇಕಯುತವಾದುದೇ, ಆದರೆ ಅದನ್ನು ಪಾಲಿಸಲು ತಿಂಗಳು ತಿಂಗಳೂ ಹೆಚ್ಚಿನ ಪ್ರೀಮಿಯಂ ತೆರಬಲ್ಲ ಶಕ್ತಿ ಬೇಕು, ಆ ಶಕ್ತಿಯಿಲ್ಲದವರಿಗಾಗಿಯೇ ಮುಂಗಡವನ್ನು ಕಲ್ಪಿಸಿದುದು.