ಮೊದಲು ಮುಳ್ಳು, ಆಮೇಲೆ ಸಾಫ್ಟ್‌ವೇರ್

ಲ್ಯಾಪ್‌ಟಾಪಿನಲ್ಲಿರುವ ಹಾಡುಗಳನ್ನು ಮನೆಯಲ್ಲೇ ಪ್ಲೇಟಿನ ಮೇಲೆ ಕೈಯಾಡಿಸಿ ನುಡಿಸಬೇಕು, ಒಂದಕ್ಕೊಂದು ಬೆಸೆಯಬೇಕು ಎಂದು ಆಸೆಪಡುವವರು ಮೊದಲು ಕೇಳುವುದು ಒಂದೇ: ಯಾವ ಸಾಫ್ಟ್‌ವೇರ್ ಕೊಳ್ಳಲಿ? ನನ್ನ ಉತ್ತರ ಮಿಕ್ಸ್. ಹುಡುಕುವಾಗ ಕೊನೆಯಲ್ಲಿ ಮೂರು ಎಕ್ಸ್ ಹಾಕಿ. 2001ರಲ್ಲಿ ಶುರುವಾದ ಈ ಮುಕ್ತ ತಂತ್ರಾಂಶಕ್ಕೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಅಲ್ಲಿ ಉಳಿದ ದುಡ್ಡು ಎಲ್ಲಿಗೆ ಹೋಗಬೇಕು ಎನ್ನುವುದೇ ಮುಖ್ಯ.

ಈ ಏರ್ಪಾಡಿನಲ್ಲಿ ತಿರುಗುವ ಪ್ಲೇಟಿನಲ್ಲಿ ಹಾಡಿರುವುದಿಲ್ಲ. ಟೈಮ್‌ಕೋಡ್ ರೆಕಾರ್ಡ್ ಎಂದು ಮಾರುವ ಅದರ ಗೀರುಗಳಲ್ಲಿ ಒಂದು ಕೀರಲು ದನಿ ಮಾತ್ರ ಇರುತ್ತದೆ. ಸೆರಾಟೊ ಕಂಪನಿಯ ಪ್ಲೇಟಿನಲ್ಲಿ ಅದು 1,000 ಹರ್ಟ್ಸ್. ಪ್ಲೇಟನ್ನು ನೂರಕ್ಕೆ ಎಂಟರಷ್ಟು ನಿಧಾನಿಸಿದರೆ ಅದೇ ದನಿ 920 ಹರ್ಟ್ಸ್‌ಗೆ ಇಳಿಯುತ್ತದೆ. ಆ ಇಳಿತದಿಂದಲೇ ಸಾಫ್ಟ್‌ವೇರಿಗೆ ವೇಗ ಗೊತ್ತಾಗುವುದು. ಎಡ ಮತ್ತು ಬಲ ಚಾನೆಲ್‌ಗಳಲ್ಲಿ ಈ ದನಿಯ ಅಲೆಗಳು ಕಾಲು ಸುತ್ತಿನಷ್ಟು ಹಿಂದುಮುಂದಾಗಿರುತ್ತವೆ. ಯಾವುದು ಮುಂದಿದೆ ಎಂದು ನೋಡಿ ಪ್ಲೇಟು ಮುಂದಕ್ಕೆ ಹೋಗುತ್ತಿದೆಯೋ ಹಿಂದಕ್ಕೋ ಎಂದು ತಿಳಿಯುತ್ತದೆ. ಮುಳ್ಳು ಯಾವ ಗೀರಿನಲ್ಲಿದೆ ಎಂಬುದಕ್ಕೂ ದನಿಯೊಳಗೇ ಗುರುತುಗಳಿವೆ. ಅಂದರೆ ಎಷ್ಟೇ ದುಬಾರಿ ಸಾಫ್ಟ್‌ವೇರ್ ಆದರೂ ಮುಳ್ಳು ತಂದುಕೊಟ್ಟದ್ದನ್ನಷ್ಟೇ ಓದಬಲ್ಲದು. ಮುಳ್ಳು ಸವೆದಿದ್ದರೆ ಓದುವುದಕ್ಕೆ ಏನೂ ಸಿಗುವುದಿಲ್ಲ.

ನೆದರ್‌ಲ್ಯಾಂಡ್ಸಿನ ಎನ್‌ಟುಐಟಿ ಕಂಪನಿ ಫೈನಲ್ ಸ್ಕ್ರ್ಯಾಚ್ ಎಂಬ ಹೆಸರಿನಲ್ಲಿ ಈ ವಿದ್ಯೆಯನ್ನು ಮೊದಲು ಹೊರತಂದಿತು. 2004ರಲ್ಲಿ ನ್ಯೂಜಿಲೆಂಡಿನ ಸೆರಾಟೊ, ರೇನ್ ಕಂಪನಿಯ ಪೆಟ್ಟಿಗೆಯೊಂದಿಗೆ ಬಂದ ಮೇಲೆ ಕ್ಲಬ್ಬುಗಳ ತುಂಬ ಅದೇ ಆಯಿತು. ಕ್ಲಬ್ಬಿಗೆ ಒಗ್ಗಿದ್ದು ಮನೆಗೂ ಬೇಕೆಂದಿಲ್ಲ. ಸೆರಾಟೊದಲ್ಲಿ ಪ್ಲೇಟು ಬಳಸಲು ಅವರು ಒಪ್ಪಿದ ಮಿಕ್ಸರ್ ಅಥವಾ ಸೌಂಡ್‌ಕಾರ್ಡ್ ಇರಲೇಬೇಕು. ಉಚಿತವಾಗಿ ಸಿಗುವ ಸೆರಾಟೊ ಲೈಟ್‌ನಲ್ಲಿ ಆ ಸೌಲಭ್ಯವೇ ಇಲ್ಲ. ವರ್ಚುವಲ್ ಡಿಜೆ ಮನೆಬಳಕೆಗೆ ಪುಕ್ಕಟೆ ಎನ್ನುತ್ತಾರೆ, ಟೈಮ್‌ಕೋಡ್ ಬಳಸಬೇಕೆಂದರೆ ಲೈಸೆನ್ಸ್ ಕೊಳ್ಳಬೇಕು. ದುಡ್ಡು ಕೊಟ್ಟೇ ಕೊಳ್ಳುವವರಿಗೆ ನಾನು ಹೇಳುವ ಹೆಸರು ಟ್ರ್ಯಾಕ್ಟರ್ ಪ್ರೊ. 2018ರ ಮೂರನೇ ಆವೃತ್ತಿಯಿಂದ ಅದು ಬೇರೆ ಕಂಪನಿಗಳ ಸೌಂಡ್‌ಕಾರ್ಡುಗಳಿಗೂ ಬಾಗಿಲು ತೆರೆದಿದೆ.

ಎಕ್ಸ್‌ವ್ಯಾಕ್ಸ್ ಎಂಬ ಪುಟ್ಟ ಲಿನಕ್ಸ್ ತಂತ್ರಾಂಶದ ಬಗ್ಗೆ ನನಗೆ ವಿಶೇಷ ಪ್ರೀತಿ. ಅದರಲ್ಲಿ ಈಕ್ವಲೈಸರ್ ಇಲ್ಲ, ಎಫೆಕ್ಟ್ ಇಲ್ಲ, ಸಿಂಕ್ ಗುಂಡಿ ಇಲ್ಲ. ಹಾಡುಗಳ ಪಟ್ಟಿ ಇದೆ, ತಿರುಗುವ ಪ್ಲೇಟಿದೆ, ಅಷ್ಟೆ. ಮಿಕ್ಸ್‌ನವರು ಟೈಮ್‌ಕೋಡ್ ಓದುವ ಕಸುಬನ್ನು ತೆಗೆದುಕೊಂಡಿದ್ದು ಇದರಿಂದಲೇ. ನಿಮ್ಮಲ್ಲಿ ಪ್ರತ್ಯೇಕ ಮಿಕ್ಸರ್ ಇದ್ದು, ಟರ್ಮಿನಲ್‌ನಲ್ಲಿ ಕಮಾಂಡ್ ಬರೆಯಲು ಬೇಸರವಿಲ್ಲದಿದ್ದರೆ ಒಮ್ಮೆ ನೋಡಿ.

ಸಿಂಕ್ ಗುಂಡಿ ಒತ್ತಿದರೆ ಎರಡು ಹಾಡು ತಾನಾಗಿ ಕೂಡಿಕೊಳ್ಳುವಾಗ ಪ್ಲೇಟಿನ ಉಸಾಬರಿ ಯಾಕೆ ಎಂದು ಕೇಳಬಹುದು. ರಾಜನ್-ನಾಗೇಂದ್ರ, ಜಿ.ಕೆ. ವೆಂಕಟೇಶ್ ಅವರ ಹಳೆಯ ಹಾಡೊಂದನ್ನು ಹಾಕಿ ನೋಡಿ. ತಬಲಾ, ಢೋಲಕ್, ಪಿಟೀಲು ಎಲ್ಲವೂ ಮನುಷ್ಯರ ಕೈಯಲ್ಲಿದ್ದ ಕಾಲದ ಧ್ವನಿಮುದ್ರಣ ಅದು. ಲಯ ಗಟ್ಟಿಯಾಗಿರುತ್ತದೆ, ಆದರೆ ಗಡಿಯಾರದಂತೆ ಇರುವುದಿಲ್ಲ. ಪಲ್ಲವಿಯ ವೇಗಕ್ಕೂ ಚರಣದ ವೇಗಕ್ಕೂ ಕೂದಲೆಳೆಯ ವ್ಯತ್ಯಾಸ. ಒಂದೇ ವೇಗವನ್ನು ನಂಬಿ ಸಾಫ್ಟ್‌ವೇರ್ ಎಳೆದ ಬೀಟ್ ಗೆರೆಗಳು ಪಲ್ಲವಿಯಲ್ಲಿ ಸರಿಯಾಗಿ ಕೂತು, ಚರಣಕ್ಕೆ ಬರುವಷ್ಟರಲ್ಲಿ ಸರಿದಿರುತ್ತವೆ. ಅಲ್ಲಿ ಕೆಲಸಕ್ಕೆ ಬರುವುದು ಪ್ಲೇಟಿನ ಅಂಚಿಗೆ ತಾಗಿಸಿದ ಬೆರಳು. ಹಾಡು ಹಿಂದೆ ಬಿದ್ದರೆ ಮೆಲ್ಲಗೆ ನೂಕಬೇಕು, ಮುಂದೆ ಓಡಿದರೆ ಸವರಿ ತಡೆಯಬೇಕು. ನಮ್ಮ ಹಾಡುಗಳನ್ನು ಬೆಸೆಯಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ.

ಈಗ ದುಡ್ಡಿನ ಮಾತು. ಟರ್ನ್‌ಟೇಬಲ್ ಡೈರೆಕ್ಟ್ ಡ್ರೈವ್ ಆಗಿರಲೇಬೇಕು. ಬೆಲ್ಟಿನ ಯಂತ್ರದಲ್ಲಿ ಪ್ಲೇಟನ್ನು ಹಿಡಿದು ಬಿಟ್ಟರೆ ಮತ್ತೆ ವೇಗಕ್ಕೆ ಬರಲು ತಡವಾಗುತ್ತದೆ, ಬೆಲ್ಟೂ ಹಾಳಾಗುತ್ತದೆ. ಟೆಕ್ನಿಕ್ಸ್ 1200 ಕೈಗೆಟುಕದಿದ್ದರೆ ಆಡಿಯೋ-ಟೆಕ್ನಿಕಾ ಎಲ್‌ಪಿ 120 ಸಾಕು. ಫೋನೋ ಪ್ರಿಆಂಪ್ ಅದರೊಳಗೇ ಇದೆ. ಮುಳ್ಳಿನಿಂದ ಬರುವ ಸಿಗ್ನಲ್ ಕೆಲವೇ ಮಿಲಿವೋಲ್ಟ್, ಅದನ್ನು ಹಿಗ್ಗಿಸಿಯೇ ಸೌಂಡ್‌ಕಾರ್ಡಿಗೆ ಕೊಡಬೇಕು. ಸೌಂಡ್‌ಕಾರ್ಡಿನಲ್ಲಿ ಪ್ರತಿ ಟರ್ನ್‌ಟೇಬಲ್ಲಿಗೆ ಎರಡು ಇನ್‌ಪುಟ್ ಬೇಕು. ಎರಡು ಯಂತ್ರ ಇಡುವವರು ನಾಲ್ಕು ಇನ್‌ಪುಟ್, ನಾಲ್ಕು ಔಟ್‌ಪುಟ್ ಇರುವ ಬೆರಿಂಜರ್ ಯುಎಂಸಿ 404 ಥರದ್ದನ್ನು ನೋಡಬಹುದು. ಸ್ಪೀಕರಿಗೆ ಒಂದು ಜೋಡಿ ಔಟ್‌ಪುಟ್, ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ಮೊದಲೇ ಕೇಳಿಕೊಳ್ಳಲು ಇನ್ನೊಂದು ಜೋಡಿ. ಅಷ್ಟು ಬಜೆಟ್ ಇಲ್ಲದವರು ಒಂದೇ ಟರ್ನ್‌ಟೇಬಲ್ ಇಟ್ಟು ಇನ್ನೊಂದು ಹಾಡನ್ನು ಮೌಸಿನಲ್ಲಿ ನಡೆಸಲಿ. ಕೈ ಪಳಗುವುದಕ್ಕೆ ಅಷ್ಟು ಸಾಲುತ್ತದೆ. ಟೈಮ್‌ಕೋಡ್ ಪ್ಲೇಟು ಸೆರಾಟೊದ ಸಿವಿ02 ಸರಣಿಯದಾಗಿರಲಿ. ಮಿಕ್ಸ್, ಎಕ್ಸ್‌ವ್ಯಾಕ್ಸ್ ಎರಡೂ ಅದನ್ನು ಓದುತ್ತವೆ.

ಎಲ್ಲ ಜೋಡಿಸಿದ ಮೇಲೆ ಹಾಡು ಹಾಕುವ ಆತುರ ಬೇಡ. ಮಿಕ್ಸ್‌ನ ಸೆಟ್ಟಿಂಗ್‌ನಲ್ಲಿ ವಿನೈಲ್ ಕಂಟ್ರೋಲ್ ಪುಟ ತೆರೆದು ಪ್ಲೇಟನ್ನು ತಿರುಗಿಸಿ. ಅಲ್ಲಿನ ಪುಟ್ಟ ಚೌಕದಲ್ಲಿ ಸಿಗ್ನಲ್ಲು ಬಳೆಯಂತೆ ದುಂಡಗೆ ಕಾಣಬೇಕು. ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಒಂದು ಚಾನೆಲ್ ಸೊರಗಿದೆ. ಬರೀ ಗೆರೆಯಾಗಿದ್ದರೆ ಒಂದು ವೈರು ಕಳಚಿದೆ, ಅಥವಾ ಮುಳ್ಳನ್ನು ಹಿಡಿದಿರುವ ಕಾರ್ಟ್ರಿಜ್ ತೋಳಿನ ತಲೆಗೆ ಸರಿಯಾಗಿ ಕೂತಿಲ್ಲ. ಚುಕ್ಕೆಯಷ್ಟೇ ಕಂಡರೆ ಪ್ರಿಆಂಪ್ ಸ್ವಿಚ್ ಹಾಕಿಲ್ಲ. ಪ್ಲೇಟು ಮುಂದಕ್ಕೆ ಹೋಗುತ್ತಿದ್ದರೂ ಹಾಡು ಹಿಂದಕ್ಕೆ ಓಡಿದರೆ ಎಡಬಲದ ವೈರು ಅದಲುಬದಲಾಗಿದೆ. ದುಂಡಗಿದ್ದೂ ಅಂಚು ಚದುರಿದ್ದರೆ ಮುಳ್ಳಿನ ತುದಿಯಲ್ಲಿ ದೂಳಿದೆ, ಇಲ್ಲವೇ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡಿತ ಒಳಗೆ ನುಗ್ಗಿದೆ. ಲ್ಯಾಪ್‌ಟಾಪಿನ ಚಾರ್ಜರನ್ನು ಒಮ್ಮೆ ಕಿತ್ತು ನೋಡಿ. ಸದ್ದು ನಿಂತರೆ ತಪ್ಪು ಅರ್ಥಿಂಗಿನದು, ಸಾಫ್ಟ್‌ವೇರಿನದಲ್ಲ.

ಇನ್ನು ಲೇಟೆನ್ಸಿ, ಅಂದರೆ ಕೈಯಾಡಿಸಿದ್ದಕ್ಕೂ ಕಿವಿಗೆ ಕೇಳಿಸುವುದಕ್ಕೂ ನಡುವಿನ ವಿಳಂಬ. 44,100 ಹರ್ಟ್ಸ್‌ನಲ್ಲಿ, ಸದ್ದನ್ನು ಕೂಡಿಟ್ಟು ಕಳಿಸುವ ಬಫರ್ 1,024 ಸ್ಯಾಂಪಲ್ ಇದ್ದರೆ ಅದೊಂದರಿಂದಲೇ ಸುಮಾರು 23 ಮಿಲಿಸೆಕೆಂಡು. ಸ್ಕ್ರ್ಯಾಚ್ ಮಾಡುವವರ ಬೆರಳಿಗೆ ಇದು ಜಿಗುಟು ಅನ್ನಿಸುತ್ತದೆ. 256ಕ್ಕೆ ಇಳಿಸಿದರೆ ಆರು ಮಿಲಿಸೆಕೆಂಡಿನ ಆಸುಪಾಸಿಗೆ ಬರುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಅಷ್ಟಕ್ಕೆ ಸದ್ದು ಕತ್ತರಿಸತೊಡಗಿದರೆ ವೈಫೈ ಆರಿಸಿ ನೋಡಿ, ಆಮೇಲೆ 512ಕ್ಕೆ ಏರಿಸಿ. ವಿಂಡೋಸ್‌ನಲ್ಲಿ ಸೌಂಡ್‌ಕಾರ್ಡ್ ಕಂಪನಿಯ ಎಎಸ್‌ಐಒ ಡ್ರೈವರನ್ನೇ ಹಾಕಿಕೊಳ್ಳಿ.

ಇಷ್ಟೆಲ್ಲ ಸರಿಹೋದ ಮೇಲೆ ಆರು ತಿಂಗಳು ಮಿಕ್ಸ್‌ನಲ್ಲೇ ಅಭ್ಯಾಸ ಮಾಡಿ. ಆಗಲೂ ಅದರಲ್ಲಿ ಸಿಗದ ಯಾವುದೋ ಒಂದು ಸೌಲಭ್ಯ ನಿಮಗೆ ಬೇಕೇ ಬೇಕು ಅನ್ನಿಸಿದರೆ, ಟ್ರ್ಯಾಕ್ಟರ್ ಕೊಳ್ಳಿ. ಅಲ್ಲಿಯವರೆಗೆ ಆ ದುಡ್ಡಿನಲ್ಲಿ ಒಳ್ಳೆಯ ಡಿಜೆ ಕಾರ್ಟ್ರಿಜ್ ಒಂದನ್ನು ತನ್ನಿ, ಜೊತೆಗೆ ಒಂದು ಹೆಚ್ಚುವರಿ ಮುಳ್ಳನ್ನೂ ತಂದಿಡಿ.