ಕೊರಮೀನಿನ ಒಳಮನೆ

ಮೀನು ಕೊಳ್ಳಲು ಹೋದವರು ಕಣ್ಣು ನೋಡುತ್ತಾರೆ, ಕಿವಿರು ಎತ್ತಿ ನೋಡುತ್ತಾರೆ. ಬೆಂಗಳೂರಿನ ಬಿಟಿಎಂ ಲೇಔಟ್, ಜೆ.ಪಿ. ನಗರದ ಕಡೆ ಯಾವುದಾದರೂ ಅಂಗಡಿಯ ತೊಟ್ಟಿಯಲ್ಲಿ ಜೀವಂತ ಕೊರಮೀನು, ಅಂದರೆ ಮುರ್ರೆಲ್, ಕಂಡರೆ ತುಸು ನಿಂತು ಅದರ ಬಾಯಿ ನೋಡಿ. ಆಗಾಗ ಮೇಲೆ ಬಂದು ಗಾಳಿ ನುಂಗಿ ಮುಳುಗುತ್ತದೆ. ಮೇಲೆ ಬರಲು ಬಿಡದಿದ್ದರೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಸಾಲದ್ದಕ್ಕೆ ತಲೆಯ ಮೇಲೆ ಹಾವಿನಂಥ ಅಗಲ ಹುರುಪೆಗಳು.

ಮೀನೋ, ಸರೀಸೃಪವೋ ಎಂಬ ಜಗಳ 19ನೇ ಶತಮಾನದಲ್ಲಿ ನಿಜಕ್ಕೂ ನಡೆದಿತ್ತು, ಬೇರೊಂದು ಪ್ರಾಣಿಯ ಮೇಲೆ. ದಕ್ಷಿಣ ಅಮೆರಿಕದ ಲೆಪಿಡೊಸೈರನ್‌ಗೆ ಶ್ವಾಸಕೋಶವಿದೆಯೆಂದು 1837ರಲ್ಲಿ ಪ್ರಾಣಿಶಾಸ್ತ್ರಜ್ಞ ಫಿಟ್ಜಿಂಗರ್ ಅದನ್ನು ಸರೀಸೃಪಗಳ ಸಾಲಿಗೆ ಸೇರಿಸಿದ. ಅದರ ಆಫ್ರಿಕದ ನೆಂಟನನ್ನು ಕೊಯ್ದು ನೋಡಿದ ಲಂಡನ್ನಿನ ರಿಚರ್ಡ್ ಓವೆನ್ 1839ರಲ್ಲಿ ಇದು ಮೀನೇ ಎಂದ. ಮೂಗು ಬಾಯಿಯೊಳಕ್ಕೆ ತೆರೆದುಕೊಂಡಿಲ್ಲ ಎಂಬುದು ಅವನ ದೊಡ್ಡ ಸಾಕ್ಷಿ. ತೆರೆದುಕೊಂಡಿದೆ ಎಂದು ಆಮೇಲೆ ತಿಳಿಯಿತು. ಸಾಕ್ಷಿ ಬಿದ್ದುಹೋಯಿತು, ತೀರ್ಪು ಉಳಿಯಿತು.

ಓವೆನ್ ಮಾಡಿದ ನಿಜವಾದ ಉಪಕಾರ 1843ರದು. ಒಂದೇ ಕೆಲಸ ಮಾಡುವ ಅಂಗಗಳು ಬೇರೆ, ಒಂದೇ ಮೂಲದ ಅಂಗಗಳು ಬೇರೆ ಎಂದು ಅವನು ಗೆರೆ ಎಳೆದ. ಈ ಗೆರೆ ಹಿಡಿದು ಕೊರಮೀನನ್ನು ಸೀಳಿದರೆ ಮಜಾ ಇದೆ. ಅದು ಗಾಳಿ ತುಂಬಿಕೊಳ್ಳುವುದು ಕಿವಿರುಗಳ ಮೇಲಿರುವ, ಒಳಗೋಡೆಯಲ್ಲಿ ರಕ್ತನಾಳಗಳು ಹಬ್ಬಿದ ಗೂಡುಗಳಲ್ಲಿ. ಕೆಲಸ ಶ್ವಾಸಕೋಶದ್ದು, ಮೂಲ ಬೇರೆ. ನಮ್ಮ ಶ್ವಾಸಕೋಶಕ್ಕೆ ರಕ್ತಸಂಬಂಧಿ ಬೆನ್ನೆಲುಬಿನ ಕೆಳಗೆ ಬಾಲದವರೆಗೂ ಚಾಚಿಕೊಂಡಿರುವ ಗಾಳಿಚೀಲ. ಕೊರಮೀನು ಅದರಲ್ಲಿ ಉಸಿರಾಡುವುದೇ ಇಲ್ಲ! ಗಾಳಿಚೀಲವೇ ಶ್ವಾಸಕೋಶವಾಯಿತು ಎಂದು ಡಾರ್ವಿನ್ 1859ರಲ್ಲಿ ಬರೆದ. ಇವತ್ತಿನ ವಿಜ್ಞಾನ ನಂಟನ್ನು ಒಪ್ಪುತ್ತದೆ, ಆದರೆ ಶ್ವಾಸಕೋಶವೇ ಹಿರಿಯದು ಎನ್ನುತ್ತದೆ.

ಮದರಾಸ್ ವೈದ್ಯಸೇವೆಯಲ್ಲಿದ್ದ ಫ್ರಾನ್ಸಿಸ್ ಡೇ ಗಾಳಿ ಸೇವಿಸುವ ನಮ್ಮ ಮೀನುಗಳ ಬಗ್ಗೆ ಆಸ್ಥೆಯಿಂದ ಬರೆದವನು. 1875ರಿಂದ 1878ರವರೆಗೆ ಬಂದ ಅವನ ‘ದಿ ಫಿಶಸ್ ಆಫ್ ಇಂಡಿಯಾ’ದ ಚಿತ್ರಪುಟಗಳು ಇಂದಿಗೂ ನೋಡಲು ಹಬ್ಬ. ಆದರೆ ಚಿತ್ರಪುಟದಲ್ಲಿ ಹೆಚ್ಚಾಗಿ ಸಿಗುವುದು ಮೀನಿನ ಹೊರಮೈ. ಒಳಗಿನದನ್ನು ನೋಡಬೇಕಾದರೆ ಕತ್ತರಿಸುವವನ ಎದುರೇ ನಿಲ್ಲಬೇಕು. ತಲೆ ಬಿಸಾಡಬೇಡಿ, ಗಾಳಿಚೀಲ ಒಡೆಯದಂತೆ ಹೊಟ್ಟೆ ಸೀಳಿ ಎಂದು ಮೊದಲೇ ಹೇಳಿಡಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಸಾರಿಗೆ ಖಾರ ಅರೆಯಬಹುದು.