ಮೂರು ದಿನದ ಗುಣ, ಮೂರು ತಿಂಗಳ ಮದ್ದು: ಹಾವೇರಿ ಸೀಮೆಯ ಮೊಡವೆ ಚಿಕಿತ್ಸೆ

ಮೊಡವೆ ರೋಗವೋ ಹರೆಯದ ಗುರುತೋ ಎಂಬ ಗೊಂದಲ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಆಡುಮಾತಿನಲ್ಲೇ ಉಳಿದುಕೊಂಡಿದೆ. ಹದಿನಾರರ ಹುಡುಗನ ಕೆನ್ನೆಯ ಮೇಲೆ ಎದ್ದದ್ದು ‘ಹರೇದ ಗುಳ್ಳಿ’, ತಾನಾಗಿ ಬಂದು ತಾನಾಗಿ ಹೋಗುವಂಥದ್ದು. ಅದೇ ಗುಳ್ಳೆ ಇಪ್ಪತ್ತೆರಡರ ಹುಡುಗಿಯ ಮುಖದ ಮೇಲೆ, ಗಂಡಿನ ಕಡೆಯವರು ನೋಡಲು ಬರುವ ತಿಂಗಳಲ್ಲಿ ಎದ್ದರೆ ಮನೆಮಂದಿಯನ್ನೆಲ್ಲ ಔಷಧದ ಅಂಗಡಿಗೆ ಓಡಿಸುವ ಸಂಕಟ. ಏನೂ ಮಾಡದೆ ಬಿಡುವುದು, ಇಲ್ಲವೇ ನಾಳೆಯೊಳಗೆ ಏನಾದರೂ ಮಾಡಿಬಿಡುವುದು ಎಂಬ ಈ ಎರಡು ತುದಿಗಳ ನಡುವೆ ಚಿಕಿತ್ಸೆ ಎಂದು ನಡೆದುಬಂದಿರುವ ರೂಢಿಗಳನ್ನು ಒಂದೊಂದಾಗಿ ಪರಿಶೀಲಿಸಿದರೆ, ಅವುಗಳ ದೋಷಗಳಲ್ಲೆಲ್ಲ ದೊಡ್ಡದು ಅವಸರ ಎಂದು ಕಾಣುತ್ತದೆ: ಮೂರು ತಿಂಗಳು ಬೇಡುವ ರೋಗಕ್ಕೆ ಮೂರು ದಿನದ ಗುಣ ಕೇಳಲಾಗುತ್ತಿದೆ, ಕೇಳಿದವರಿಗೆ ಅದು ಸಿಗುತ್ತಲೂ ಇದೆ.

ಮೂರು ತಿಂಗಳು ಏಕೆ ಬೇಕು ಎಂಬುದನ್ನು ಚರ್ಮದ ರಚನೆಯಿಂದ ತಿಳಿಯಬೇಕು. ಪ್ರತಿ ರೋಮಕೂಪಕ್ಕೆ ಅಂಟಿಕೊಂಡು ಮೇದೋಗ್ರಂಥಿ, ಅಂದರೆ ಸೀಬಮ್ ಎಂಬ ಎಣ್ಣೆಯಂಥ ಜಿಡ್ಡನ್ನು ಒಸರಿಸುವ ಸಣ್ಣ ಚೀಲವೊಂದು ಇರುತ್ತದೆ. ಹರೆಯದಲ್ಲಿ ಆಂಡ್ರೋಜೆನ್ ಹಾರ್ಮೋನುಗಳು ಗಂಡು ಹೆಣ್ಣು ಇಬ್ಬರಲ್ಲೂ ಏರುವುದರಿಂದ ಈ ಗ್ರಂಥಿ ಹಿಗ್ಗಿ ಜಿಡ್ಡು ಹೆಚ್ಚುತ್ತದೆ. ಅದೇ ಹೊತ್ತಿಗೆ ಕೂಪದ ಒಳಗೋಡೆಯ ಸತ್ತ ಕೋಶಗಳು ಉದುರಿ ಹೊರಬೀಳದೆ ಒಂದಕ್ಕೊಂದು ಅಂಟಿಕೊಂಡು ಬಾಯಿಗೆ ಬಿರಡೆಯಾಗುತ್ತವೆ. ಈ ಬಿರಡೆಗೆ ವೈದ್ಯಶಾಸ್ತ್ರದಲ್ಲಿ ಕೊಮೆಡೋನ್ ಎಂದು ಹೆಸರು. ಬಾಯಿ ತೆರೆದಿದ್ದರೆ ಅದು ಕಪ್ಪು ಚುಕ್ಕೆಯಾಗಿ, ಮುಚ್ಚಿದ್ದರೆ ಬಿಳಿ ಗುಳ್ಳೆಯಾಗಿ ಕಾಣುತ್ತದೆ. ಆ ಕಪ್ಪು ಕೊಳೆಯಿಂದ ಬಂದದ್ದಲ್ಲ, ಮೆಲನಿನ್ ಎಂಬ ವರ್ಣದ್ರವ್ಯದಿಂದಲೂ ಗಾಳಿ ತಾಗಿ ಬಣ್ಣಗೆಟ್ಟ ಜಿಡ್ಡಿನಿಂದಲೂ ಬಂದದ್ದು, ಆದ್ದರಿಂದ ದಿನಕ್ಕೆ ನಾಲ್ಕು ಸಲ ಸೋಪು ಹಚ್ಚಿ ತಿಕ್ಕಿದರೂ ಹೋಗದು. ಮುಚ್ಚಿದ ಕೂಪದೊಳಗೆ, ಎಲ್ಲರ ಚರ್ಮದಲ್ಲೂ ಸದಾ ವಾಸಿಸುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಜಿಡ್ಡನ್ನು ತಿಂದು ಬೆಳೆಯುತ್ತದೆ. ಅದರ ಎದುರು ದೇಹ ತೋರಿಸುವ ಉರಿಯೂತವೇ ಕೆಂಪು, ಬಾವು, ಕೀವು, ನೋವು. ಇಲ್ಲಿ ಗಮನಿಸಬೇಕಾದ ಸಂಗತಿ ಎಂದರೆ, ಕನ್ನಡಿಯಲ್ಲಿ ಇಂದು ಕಾಣುವ ಗುಳ್ಳೆಯ ಬಿರಡೆ ವಾರಗಟ್ಟಲೆ ಹಿಂದೆಯೇ ಕಣ್ಣಿಗೆ ಬೀಳದಷ್ಟು ಸಣ್ಣದಾಗಿ ಹುಟ್ಟಿರುತ್ತದೆ. ಹೀಗಾಗಿ ನಿಜವಾದ ಮದ್ದು ಬರುವ ತಿಂಗಳ ಗುಳ್ಳೆಯನ್ನು ತಡೆಯುತ್ತದೆ. ಎದ್ದಿರುವುದನ್ನು ಒರೆಸಿಹಾಕುವ ಶಕ್ತಿ ಅದಕ್ಕೆ ಹೆಚ್ಚಾಗಿ ಇಲ್ಲ.

ಈ ವಿವರಣೆಯ ಜಾಗದಲ್ಲಿ ಊರಿನ ಮಾತು ಇಡುವುದು ‘ಉಷ್ಣ’ವನ್ನು. ಮೈಯಲ್ಲಿ ಕಾವು ಏರಿ ಮುಖದ ಮೇಲೆ ಒಡೆಯುತ್ತದೆ ಎಂಬ ನಂಬಿಕೆಯ ಪ್ರಕಾರ ಆರೋಪಿಗಳು ಋತುವಿಗೆ ತಕ್ಕಂತೆ ಬದಲಾಗುತ್ತಾರೆ: ಬೇಸಿಗೆಯಲ್ಲಿ ಹಾನಗಲ್ಲಿನ ತೋಟಗಳ ಮಾವಿನಹಣ್ಣು, ವರ್ಷವಿಡೀ ಬ್ಯಾಡಗಿ ಮೆಣಸಿನಕಾಯಿ, ಸಂಜೆಯಾದರೆ ಸವಣೂರಿನ ಖಾರ. ಖಾರಕ್ಕೂ ಮೊಡವೆಗೂ ಸಂಬಂಧವಿದೆ ಎಂಬುದಕ್ಕೆ ಗಟ್ಟಿಯಾದ ಪುರಾವೆ ಇಲ್ಲ. ಆದರೆ ಆಹಾರಕ್ಕೂ ಮೊಡವೆಗೂ ಏನೇನೂ ಸಂಬಂಧವಿಲ್ಲ ಎಂದು ಒಂದು ಕಾಲದಲ್ಲಿ ವೈದ್ಯರು ಹೇಳುತ್ತಿದ್ದ ಮಾತೂ ಈಗ ನಿಲ್ಲುವುದಿಲ್ಲ. ರಕ್ತದ ಸಕ್ಕರೆಯನ್ನು ಬೇಗ ಏರಿಸುವ ಆಹಾರ ಇನ್ಸುಲಿನ್ನನ್ನೂ ಅದರ ಮೂಲಕ ಆಂಡ್ರೋಜೆನ್ನುಗಳ ಪ್ರಭಾವವನ್ನೂ ಹೆಚ್ಚಿಸುತ್ತದೆ. 2007ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಪ್ರಯೋಗದಲ್ಲಿ 15ರಿಂದ 25 ವಯಸ್ಸಿನ 43 ಯುವಕರ ಪೈಕಿ, ಸಕ್ಕರೆಯನ್ನು ನಿಧಾನವಾಗಿ ಏರಿಸುವ ಊಟ ಮಾಡಿದವರ ಮೊಡವೆ 12 ವಾರಗಳಲ್ಲಿ ಉಳಿದವರಿಗಿಂತ ಹೆಚ್ಚು ಇಳಿದಿತ್ತು. ಪ್ರಯೋಗ ಚಿಕ್ಕದು, ಅದರ ಮೇಲೆ ಅತಿಯಾದ ಭಾರ ಹಾಕಬಾರದು. ಆದರೂ ಮನೆಯವರು ತಟ್ಟೆಯಲ್ಲಿನ ರಂಜಕವನ್ನು, ಅಂದರೆ ಕೆಂಪು ಮೆಣಸಿನಕಾಯಿ ಚಟ್ನಿಯನ್ನು, ಗದರಿಸುತ್ತ, ದಿನಕ್ಕೆ ಮೂರು ಸಲದ ಸಕ್ಕರೆ ಚಹಾ, ಬಿಸ್ಕೀಟು, ತಂಪು ಪಾನೀಯಗಳನ್ನು, ಜಿಮ್ಮಿಗೆ ಹೋಗುವ ಹುಡುಗರ ವೇ ಪ್ರೋಟೀನ್ ಡಬ್ಬಿಯನ್ನು ಕಂಡೂ ಕಾಣದಂತೆ ಬಿಡುವುದು ತಪ್ಪು ಆರೋಪಿಯನ್ನು ಕಟ್ಟೆಗೆ ಕರೆದಂತೆಯೇ ಸರಿ.

ದೇಶೀಯ ವೈದ್ಯಪರಂಪರೆಯ ನೋಟ ಈ ಜನಜನಿತ ಉಷ್ಣವಾದಕ್ಕಿಂತ ಸೂಕ್ಷ್ಮವಾದದ್ದು. ಸುಶ್ರುತ ಸಂಹಿತೆ ಮೊಡವೆಯನ್ನು ಮುಖದೂಷಿಕಾ ಎಂದು ಕರೆದು, ಕ್ಷುದ್ರರೋಗಗಳ ಸಾಲಿಗೆ ಸೇರಿಸಿ, ಅದರ ಆಕಾರವನ್ನು ಬೂರುಗದ ಮರದ ಕಾಂಡದ ಮುಳ್ಳಿಗೆ ಹೋಲಿಸುತ್ತದೆ. ಬುಡದಲ್ಲಿ ಅಗಲವಾಗಿ ತುದಿಯಲ್ಲಿ ಮೊನಚಾಗಿರುವ ಆ ಮುಳ್ಳನ್ನು ಕಂಡವರಿಗೆ ಈ ಹೋಲಿಕೆಯ ನಿಖರತೆ ಅರ್ಥವಾಗುತ್ತದೆ. ಕಾರಣವಾಗಿ ಅದು ಹೇಳುವುದು ಕಫ, ವಾತ ಮತ್ತು ರಕ್ತಗಳನ್ನು; ಜಿಗುಟು ಗುಣದ ಕಫವನ್ನು ಹೆಸರಿಸಿ, ಉಷ್ಣದ ಪ್ರತಿನಿಧಿಯಾದ ಪಿತ್ತವನ್ನು ಹೆಸರಿಸದೆ ಬಿಟ್ಟಿರುವುದು, ‘ಆಯುರ್ವೇದದಲ್ಲೇ ಹೇಳಿದ್ದಾರೆ’ ಎಂದು ಕಾವಿನ ಮಾತಾಡುವವರು ಯೋಚಿಸಬೇಕಾದ ವಿಷಯ. ಬಜೆ, ಲೋಧ್ರ, ಸೈಂಧವ ಉಪ್ಪು, ಸಾಸಿವೆಗಳ ಲೇಪವನ್ನೂ ವಮನವನ್ನೂ ಆ ಗ್ರಂಥ ಸೂಚಿಸುತ್ತದೆ. ಇಂದಿನ ಮನೆಮದ್ದಿಗೂ ಈ ಪಾಠಕ್ಕೂ ಹೆಚ್ಚಿನ ನಂಟಿಲ್ಲ. ಕಡಲೆಹಿಟ್ಟು, ಅರಿಷಿಣಗಳಿಂದ ಅಂಥ ಲಾಭವೂ ಇಲ್ಲ, ಹಾನಿಯೂ ಇಲ್ಲ. ನಿಂಬೆರಸದ ಮಾತು ಬೇರೆ: ಅದರ ಹುಳಿ ಚರ್ಮ ತಾಳುವುದಕ್ಕಿಂತ ಬಹಳ ಹೆಚ್ಚು, ಜೊತೆಗೆ ಅದರಲ್ಲಿರುವ ಕೆಲವು ರಾಸಾಯನಿಕಗಳು ಬಿಸಿಲಿನೊಂದಿಗೆ ಸೇರಿದರೆ ಸುಟ್ಟ ಗಾಯವನ್ನೇ ಉಂಟುಮಾಡಬಲ್ಲವು, ಆದ್ದರಿಂದ ನಿಂಬೆಹಣ್ಣು ತಿಕ್ಕಿಕೊಂಡು ಗೋವಿನಜೋಳದ ಹೊಲಕ್ಕೆ ಹೋದ ಹುಡುಗಿ ಮೊಡವೆಯ ಜೊತೆಗೆ ಕಪ್ಪು ಪಟ್ಟೆಯನ್ನೂ ಹೊತ್ತು ಬರುವುದು ಆಶ್ಚರ್ಯವಲ್ಲ. ಟೂತ್‌ಪೇಸ್ಟ್ ಹಚ್ಚುವ ರೂಢಿಯ ಬಗ್ಗೆ, ಅದು ಹಲ್ಲಿಗಾಗಿ ಮಾಡಿದ್ದು ಎಂದಷ್ಟೇ ಹೇಳಿದರೆ ಸಾಕು.

ಎಲೆಬಳ್ಳಿಯ ಊರಾದ ಸವಣೂರಿನಲ್ಲಿ ಒಂದು ಎಚ್ಚರಿಕೆ ವಿಶೇಷವಾಗಿ ಸಲ್ಲುತ್ತದೆ. ವೀಳ್ಯದೆಲೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದರಿಂದ ಅದರ ರಸವೋ ಬಿಸಿ ಮಾಡಿದ ಎಲೆಯೋ ಮೊಡವೆಗೆ ಒಳ್ಳೆಯದು ಎಂಬ ತರ್ಕ ಕೇಳಲು ಸರಿಯಾಗಿಯೇ ಇದೆ. ತೈವಾನಿನಲ್ಲಿ ಹಬೆಯಲ್ಲಿ ಬೇಯಿಸಿದ ವೀಳ್ಯದೆಲೆಯನ್ನು ಮುಖಕ್ಕೆ ಒತ್ತಿಕೊಳ್ಳುವ ಇಂಥದೇ ಮನೆಮದ್ದು ಇತ್ತು. ಅದನ್ನು ಬಳಸಿದವರ ಮುಖದ ಮೇಲೆ ಕಪ್ಪು ಬಿಳುಪು ಬೆರೆತ, ಸುಲಭವಾಗಿ ಮಾಯದ ಕಲೆಗಳು ಮೂಡಿದ್ದನ್ನು ಅಲ್ಲಿನ ಚರ್ಮವೈದ್ಯರು 1999ರಲ್ಲಿ ವರದಿ ಮಾಡಿದರು. ಎಲೆಯಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳು ಬಣ್ಣ ತಯಾರಿಸುವ ಕೋಶಗಳಿಗೆ ಹಾನಿ ಮಾಡುತ್ತವೆ. ಊಟದ ನಂತರದ ತಾಂಬೂಲಕ್ಕೆ ಒದಗುವ ಎಲೆ ಕೆನ್ನೆಗೂ ಒದಗಬೇಕೆಂದಿಲ್ಲ.

ಮನೆಮದ್ದಿನ ಹಾನಿ ಇಷ್ಟರಲ್ಲಿ ಮುಗಿಯುತ್ತದೆ; ಔಷಧದ ಅಂಗಡಿಯ ಹಾನಿ ಅದಕ್ಕಿಂತ ಆಳವಾದದ್ದು, ಏಕೆಂದರೆ ಅದು ಗುಣದ ವೇಷದಲ್ಲಿ ಬರುತ್ತದೆ. ‘ಮಾರಿ ಮ್ಯಾಲೆ ಗುಳ್ಳಿ ಆಗ್ಯಾವ್ರಿ, ಒಂದು ಛಲೋ ಕ್ರೀಮ್ ಕೊಡ್ರಿ’ ಎಂದು ಕೇಳಿದವರ ಕೈಗೆ ಚಿಕ್ಕ ಪಟ್ಟಣಗಳ ಕೌಂಟರಿನಿಂದ ಬರುವ ಟ್ಯೂಬಿನಲ್ಲಿ ಬೆಟಾಮೆಥಸೋನ್, ಮೊಮೆಟಸೋನ್ ಅಥವಾ ಕ್ಲೊಬೆಟಸಾಲ್ ಇರುವುದು ಅಪರೂಪವಲ್ಲ. ಇವು ಸ್ಟಿರಾಯ್ಡುಗಳು, ಅಂದರೆ ಉರಿಯೂತವನ್ನು ಬಲವಾಗಿ ಅದುಮುವ ಹಾರ್ಮೋನು ಜಾತಿಯ ಔಷಧಗಳು. ಇಸುಬಿನಂಥ ರೋಗಗಳಲ್ಲಿ, ಗೊತ್ತಾದ ದಿನಗಳ ಮಟ್ಟಿಗೆ, ಇವಕ್ಕೆ ಸಮನಾದ ಮದ್ದಿಲ್ಲ. ಮೊಡವೆಗೆ ಹಚ್ಚಿದಾಗ ರಕ್ತನಾಳಗಳು ಕುಗ್ಗಿ ಮೂರೇ ದಿನದಲ್ಲಿ ಕೆಂಪು ಇಳಿಯುತ್ತದೆ, ಚರ್ಮ ನುಣುಪಾಗಿ ಬೆಳ್ಳಗೂ ಕಾಣುತ್ತದೆ. ಬಿರಡೆ ಇದ್ದಲ್ಲೇ ಇರುತ್ತದೆ. ಕೆಲವು ವಾರಗಳಾಗುವಷ್ಟರಲ್ಲಿ ಒಂದೇ ಅಳತೆಯ ಸಣ್ಣ ಗುಳ್ಳೆಗಳು ಒಟ್ಟೊಟ್ಟಿಗೆ ಏಳತೊಡಗುತ್ತವೆ. ಚರ್ಮ ತೆಳುವಾಗಿ ಕೆನ್ನೆಯ ಮೇಲೆ ಕೆಂಪು ನರಗಳ ಜಾಲ ಕಾಣುತ್ತದೆ, ಹುಡುಗಿಯರ ಮುಖದಲ್ಲಿ ರೋಮ ಬೆಳೆಯುತ್ತದೆ, ಬಿಸಿಲಿಗೆ ಬಂದರೆ ಮುಖ ಧಗಧಗಿಸುತ್ತದೆ. ಕ್ರೀಮು ನಿಲ್ಲಿಸಿದರೆ ಎರಡು ದಿನದಲ್ಲೇ ಉರಿ, ತುರಿಕೆ, ಬಾವು ಮರುಕಳಿಸುವುದರಿಂದ ಬಳಸುವವರು ‘ಈ ಕ್ರೀಮು ಬಿಟ್ಟರೆ ಆಗೂದಿಲ್ಲ’ ಎಂಬ ತೀರ್ಮಾನಕ್ಕೆ ಬಂದು ಮತ್ತೆ ಅದೇ ಟ್ಯೂಬು ಕೊಳ್ಳುತ್ತಾರೆ.

ಇದು ಈ ನಾಲ್ಕು ತಾಲೂಕುಗಳಿಗೆ ಸೀಮಿತವಾದ ಪಿಡುಗಲ್ಲ. ದೇಶದ 12 ಕೇಂದ್ರಗಳ ಚರ್ಮವೈದ್ಯರು ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖದ ತೊಂದರೆಗೆಂದು ಬಂದ 2,926 ಜನರಲ್ಲಿ 433 ಮಂದಿ ಸ್ಟಿರಾಯ್ಡ್ ಹಚ್ಚುತ್ತಿದ್ದರು; ಅವರಲ್ಲಿ ಸುಮಾರು ಕಾಲುಭಾಗದವರು ಅದನ್ನು ಮೊಡವೆಗೆಂದೇ ಹಚ್ಚುತ್ತಿದ್ದರು, ಅರ್ಧಕ್ಕಿಂತ ಹೆಚ್ಚು ಜನರಿಗೆ ಅದನ್ನು ಹೇಳಿಕೊಟ್ಟವರು ವೈದ್ಯರಾಗಿರಲಿಲ್ಲ. 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮ ತಿದ್ದಿತು. ನಿಯಮ ಒಳ್ಳೆಯದೇ. ಆದರೆ ವೈದ್ಯರು ಒಮ್ಮೆ ಬರೆದುಕೊಟ್ಟ ಚೀಟಿ ಅಕ್ಕ, ತಂಗಿ, ನೆರೆಮನೆಯ ಗೆಳತಿಯ ಕೈ ದಾಟುತ್ತ ವರ್ಷಗಟ್ಟಲೆ ಬದುಕುವ ಊರುಗಳಲ್ಲಿ, ಖಾಲಿ ಟ್ಯೂಬನ್ನೇ ತೋರಿಸಿ ‘ಇದನ್ನ ಕೊಡ್ರಿ’ ಎನ್ನುವ ಗಿರಾಕಿಯ ಮುಂದೆ ಅದರ ಬಲ ಕಡಿಮೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಸೋನ್ ಮೂರನ್ನೂ ಬೆರೆಸಿದ ಲೇಪದ್ದು ಇನ್ನೂ ಜಟಿಲವಾದ ಕಥೆ: ಭಂಗಿಗೆ, ಅಂದರೆ ಕೆನ್ನೆಯ ಕಂದು ಮಚ್ಚೆಗೆ, ಕೆಲವು ವಾರಗಳ ಮಟ್ಟಿಗೆ ಕೊಡುವ ಮದ್ದು ಅದು, ಬಣ್ಣ ತಿಳಿಯಾಗಿಸುತ್ತದೆ ಎಂಬ ಕೀರ್ತಿಯಿಂದ ವರ್ಷಪೂರ್ತಿಯ ಸ್ನೋ ಆಗಿಬಿಟ್ಟಿದೆ. ಮೊಡವೆ ಹೋಗಬೇಕೆಂಬ ಆಸೆ ಮತ್ತು ಬೆಳ್ಳಗಾಗಬೇಕೆಂಬ ಆಸೆ ಒಂದೇ ಟ್ಯೂಬಿನಲ್ಲಿ ಕೂಡಿಕೊಂಡಿರುವ ತನಕ ಬರಿಯ ಕಾಯಿದೆಯಿಂದ ಆಗುವುದು ಅಷ್ಟಕ್ಕಷ್ಟೇ.

ವಿಪರ್ಯಾಸವೆಂದರೆ, ನಿಜಕ್ಕೂ ಫಲ ಕೊಡುವ ಮದ್ದುಗಳು ಹೊಸವಲ್ಲ, ಬಹುಪಾಲು ದುಬಾರಿಯೂ ಅಲ್ಲ. ವಿಟಮಿನ್ ‘ಎ’ ವಂಶದ ಟ್ರೆಟಿನಾಯಿನ್ ಮೊಡವೆಗೆ ಬಳಕೆಗೆ ಬಂದು ಅರ್ಧ ಶತಮಾನ ದಾಟಿದೆ. ಅದೇ ಬಳಗದ, ಚರ್ಮಕ್ಕೆ ಮೃದುವಾದ ಅಡಾಪಲೀನ್ 0.1 ಶೇಕಡಾ ಜೆಲ್ ಬಿರಡೆ ಕಟ್ಟುವುದನ್ನೇ ತಡೆಯುತ್ತದೆ. 2.5 ಶೇಕಡಾ ಬೆನ್ಜಾಯಿಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಅದರ ಎದುರು ಬ್ಯಾಕ್ಟೀರಿಯಾ ಪ್ರತಿರೋಧ ಬೆಳೆಸಿಕೊಳ್ಳುವುದಿಲ್ಲ. ಈ ಎರಡು ಲೇಪಗಳು ಸೋಲುವುದು ಬಳಸುವ ರೀತಿಯಲ್ಲಿ. ಗುಳ್ಳೆಯ ನೆತ್ತಿಯ ಮೇಲೆ ಚುಕ್ಕಿ ಇಡುವುದು ರೂಢಿ. ಬೇಕಾದದ್ದು ಬಟಾಣಿ ಕಾಳಿನಷ್ಟು ಅಡಾಪಲೀನನ್ನು ರಾತ್ರಿ ತೊಳೆದು ಒಣಗಿದ ಮುಖಕ್ಕೆಲ್ಲ, ಕಣ್ಣು ತುಟಿಗಳ ಅಂಚು ಬಿಟ್ಟು, ತೆಳುವಾಗಿ ಹರಡುವುದು, ಅದೂ ಮೊದಲ ಎರಡು ವಾರ ದಿನ ಬಿಟ್ಟು ದಿನ. ಮೂರನೆಯ ವಾರದಲ್ಲಿ ಚರ್ಮ ಸುಲಿದು, ಒಳಗಿದ್ದ ಗುಳ್ಳೆಗಳು ಮೇಲೆದ್ದು, ಮುಖ ಮೊದಲಿಗಿಂತ ಕೆಟ್ಟದಾಗಿ ಕಾಣುವುದುಂಟು. ಹೆಚ್ಚಿನವರು ಮದ್ದು ಬಿಡುವುದು ಆ ವಾರದಲ್ಲಿ. ಫಲ ಕಾಣುವುದು ಎಂಟರಿಂದ ಹನ್ನೆರಡು ವಾರಗಳಿಗೆ. ಬೆನ್ಜಾಯಿಲ್ ಪೆರಾಕ್ಸೈಡಿನ ಜೊತೆಗೆ ಇನ್ನೊಂದು ಗೃಹಕೃತ್ಯದ ಕಷ್ಟವೂ ಇದೆ: ಬಣ್ಣದ ದಿಂಬಿನ ಚೀಲ, ಟವೆಲು, ರವಿಕೆಯ ಕುತ್ತಿಗೆ ಇವೆಲ್ಲ ಬಿಳಿಚಿ ಮಚ್ಚೆಯಾಗುತ್ತವೆ. ಬಟ್ಟೆಯ ಬಣ್ಣ ತೆಗೆಯುವುದು ಮುಖವನ್ನು ಬಿಟ್ಟೀತೇ ಎಂದು ತಾಯಂದಿರು ಟ್ಯೂಬನ್ನು ಎಸೆದರೆ ತಪ್ಪು ಅವರದಲ್ಲ, ಬಿಳಿ ಟವೆಲು ಬಳಸಿ ಎಂದು ಹೇಳದೆ ಕಳುಹಿಸಿದವರದು.

ವೈದ್ಯರ ಕಡೆಯ ರೂಢಿಯೂ ದೋಷಮುಕ್ತವಲ್ಲ. ಕೀವು ಕಂಡಕೂಡಲೇ ಕ್ಲಿಂಡಾಮೈಸಿನ್ ಜೆಲ್ ಒಂದನ್ನೇ, ಇಲ್ಲವೇ ಡಾಕ್ಸಿಸೈಕ್ಲಿನ್ ಗುಳಿಗೆಯೊಂದನ್ನೇ ತಿಂಗಳುಗಟ್ಟಲೆ ಬರೆಯುವುದು ಬ್ಯಾಕ್ಟೀರಿಯಾಗಳಿಗೆ ಪ್ರತಿರೋಧದ ಪಾಠ ಹೇಳಿಕೊಟ್ಟಂತೆ. ಆಂಟಿಬಯೋಟಿಕ್ ಬೇಕಾದಾಗ ಅದರ ಜೊತೆ ಬೆನ್ಜಾಯಿಲ್ ಪೆರಾಕ್ಸೈಡ್ ಇರಬೇಕು, ಗುಳಿಗೆ ಸಾಮಾನ್ಯವಾಗಿ ಮೂರು ತಿಂಗಳಲ್ಲಿ ನಿಲ್ಲಬೇಕು. ಮುಟ್ಟು ಏರುಪೇರಾಗಿ, ಗಲ್ಲದ ಮೇಲೆ ರೋಮವೂ ದವಡೆಯ ಸಾಲಿನಲ್ಲಿ ಆಳವಾದ ಗಂಟುಗಳೂ ಇರುವ ಯುವತಿಯಲ್ಲಿ ಪಿಸಿಓಎಸ್, ಅಂದರೆ ಅಂಡಾಶಯದ ಹಾರ್ಮೋನು ಅಸಮತೋಲ, ಇರಬಹುದೇ ಎಂದು ಕೇಳದೆ ಬರಿಯ ಜೆಲ್ ಕೊಟ್ಟು ಕಳುಹಿಸುವುದೂ ಅರ್ಧ ಚಿಕಿತ್ಸೆಯೇ. ಚರ್ಮವೈದ್ಯರು ಸಿಗುವ ಊರಿನ ದೂರದ ಪ್ರಶ್ನೆಯೂ ಇದೆ. ಹೆದ್ದಾರಿಯ ಮೇಲಿರುವ ಶಿಗ್ಗಾಂವಿಗೆ ಹುಬ್ಬಳ್ಳಿ ಹತ್ತಿರ. ಹಿರೇಕೆರೂರಿನವರು ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗಬೇಕಿತ್ತು. ಹಾವೇರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಈ ದೂರ ಕುಗ್ಗಿದೆ, ಆದರೂ ಮೂರು ತಿಂಗಳ ಚಿಕಿತ್ಸೆಗೆ ಮೂರು ಸಲವಾದರೂ ಹೋಗಿಬರಬೇಕು, ಮೊಡವೆಗಾಗಿ ಅಷ್ಟು ಓಡಾಟ ಮಾಡುವುದನ್ನು ಮನೆಯಲ್ಲಿ ಒಪ್ಪಿಸಬೇಕು.

ಕೊನೆಯ ಹಾಗೂ ಅತ್ಯಂತ ಬಲವಾದ ಮದ್ದು ಐಸೊಟ್ರೆಟಿನಾಯಿನ್. 1982ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಗುಳಿಗೆ ಮೇದೋಗ್ರಂಥಿಯನ್ನೇ ಕುಗ್ಗಿಸುತ್ತದೆ. ಗಂಟುಗಟ್ಟಿ ಹಳ್ಳದಂಥ ಕಲೆ ಬಿಡುವ ಮೊಡವೆಗೆ ಇದರಷ್ಟು ಫಲಕಾರಿಯಾದದ್ದು ಬೇರೊಂದಿಲ್ಲ. ತುಟಿ ಒಡೆಯುತ್ತದೆ, ಯಕೃತ್ತು ಮತ್ತು ರಕ್ತದ ಕೊಬ್ಬಿನ ಪರೀಕ್ಷೆ ಬೇಕಾಗುತ್ತದೆ, ಇವೆಲ್ಲ ನಿಭಾಯಿಸಬಹುದಾದವು. ನಿಭಾಯಿಸಲಾಗದ್ದು ಒಂದೇ: ಗುಳಿಗೆ ನುಂಗುವ ಕಾಲದಲ್ಲಿ ಗರ್ಭ ನಿಂತರೆ ಮಗುವಿನ ಕಿವಿ, ಹೃದಯ, ಮಿದುಳುಗಳಲ್ಲಿ ತೀವ್ರವಾದ ವಿಕಲತೆ ಉಂಟಾಗಬಹುದು, ಆದ್ದರಿಂದ ಶುರುವಿಗೆ ಒಂದು ತಿಂಗಳು ಮುಂಚಿನಿಂದ ನಿಲ್ಲಿಸಿದ ಮೇಲೆ ಒಂದು ತಿಂಗಳವರೆಗೆ ಗರ್ಭ ಧರಿಸಕೂಡದು. ಮದುವೆಯಾದ ವರ್ಷದೊಳಗೆ ‘ಏನರ ವಿಶೇಷ ಐತೇನ’ ಎಂಬ ಪ್ರಶ್ನೆ ಏಳುವ ಮನೆಗಳಿಂದ, ಮದುವೆಯ ಸಲುವಾಗಿಯೇ ಮುಖ ತಿಳಿಯಾಗಬೇಕೆಂದು ಬಂದ ಹುಡುಗಿಯ ಎದುರು ವೈದ್ಯರು ತೆರೆಯಬೇಕಾದದ್ದು ಪಂಚಾಂಗವನ್ನು. ಲೆಕ್ಕ ಕಷ್ಟದ್ದೇನಲ್ಲ: ಒಟ್ಟು ಪ್ರಮಾಣ ತೂಕದ ಪ್ರತಿ ಕಿಲೋಗೆ 120 ಮಿಲಿಗ್ರಾಮಿನಂತೆ, 50 ಕಿಲೋ ತೂಕದವರಿಗೆ 6,000 ಮಿಲಿಗ್ರಾಂ, ದಿನಕ್ಕೆ 30ರಂತೆ ನುಂಗಿದರೆ 200 ದಿನ, ಅದರ ಮೇಲೆ ಬಿಡುವಿನ ಒಂದು ತಿಂಗಳು. ವೈಶಾಖದಲ್ಲಿ ಲಗ್ನ ಎಂದರೆ ಗುಳಿಗೆ ಹಿಂದಿನ ಗಣೇಶ ಚೌತಿಯ ಹೊತ್ತಿಗೇ ಶುರುವಾಗಿರಬೇಕು. ಬಹಳಷ್ಟು ಮನೆಗಳಲ್ಲಿ ಆ ಹೊತ್ತಿಗೆ ಗಂಡೇ ಗೊತ್ತಾಗಿರುವುದಿಲ್ಲ.